‘ಬರೆದನು’ ಅಲ್ಲ, ‘ಬರೆಸಿದನು’

ಪ್ರಿಯ ಗೆಳೆಯರೇ,

ಕ್ಯಾಸ್ಟಿಲ್‌ನ ದೊರೆ ಹತ್ತನೆಯ ಅಲ್ಫೋನ್ಸೋ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. 13ನೇ ಶತಮಾನದ ಸ್ಪೇನಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ನೀವು ಕೈ ಹಾಕಿದ್ದು ಸಂತೋಷ. ಇಸವಿಗಳು ಸರಿ ಇವೆ, ಚದುರಂಗದ ಪ್ಯಾರಾ ಚೆನ್ನಾಗಿದೆ. ಆದರೆ ಲೇಖನವನ್ನು ಹೀಗೇ ಪ್ರಕಟಿಸಲು ಆಗುವುದಿಲ್ಲ. ಎರಡು ವಾಕ್ಯಗಳು ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿವೆ. ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು: ‘ಮಹಾಜ್ಞಾನಿ ಅಲ್ಫೋನ್ಸೋ ಕಾನೂನು, ಖಗೋಳ, ಇತಿಹಾಸ, ನೀತಿಕಥೆ ಮುಂತಾದ ಅನೇಕ ವಿಷಯಗಳ ಬಗ್ಗೆ ಅನೇಕ ಅಮೂಲ್ಯ ಗ್ರಂಥಗಳನ್ನು ಬರೆದನು.’

ನೀತಿಕಥೆ ಅಂದರೆ ‘ಕಲಿಲಾ ಮತ್ತು ದಿಮ್ನಾ’ ತಾನೇ? ಅದು 1251ರಲ್ಲಿ, ಪಟ್ಟಕ್ಕೆ ಬರುವ ಒಂದು ವರ್ಷ ಮೊದಲು, ಅವನು ಅರಬ್ಬಿಯಿಂದ ಮಾಡಿಸಿದ ಅನುವಾದ. ಕಲಿಲಾ, ದಿಮ್ನಾ ಯಾರು? ನಮ್ಮ ಕರಟಕ, ದಮನಕ. ಪಂಚತಂತ್ರದ ನರಿಗಳು ಹಳೆಯ ಪರ್ಷಿಯಾದ ಪಹ್ಲವಿ ಭಾಷೆಗೆ ಹೋಗಿ, ಅರಬ್ಬಿಗೆ ಹೋಗಿ, ಸ್ಪೇನ್ ಸೇರಿದ್ದವು. ಅದಕ್ಕೂ ಇನ್ನೂರು ವರ್ಷ ಮೊದಲೇ ದುರ್ಗಸಿಂಹ ಅವನ್ನು ಕನ್ನಡದಲ್ಲಿ ಮಾತಾಡಿಸಿದ್ದ. ಕನ್ನಡ ಓದುಗರ ಮುಂದೆ ನಿಂತು ಆ ಕಥೆಯನ್ನು ಅಲ್ಫೋನ್ಸೋ ‘ಬರೆದನು’ ಅನ್ನಬಹುದಾ? ನನಗೆ ನಿಜವಾಗಿ ಬೇಜಾರಾಯಿತು.

ನಾನು ಹೊಸದಾಗಿ ಸೇರಿದ್ದ ವಾರಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಆಗಿನ್ನೂ ಅಚ್ಚಿನ ಮೊಳೆ ಜೋಡಿಸುವ ಕಾಲ. ಒಂದು ಊರಿನ ಬಗ್ಗೆ ಬರೆಯುತ್ತಾ ‘ಈ ಕೆರೆಯನ್ನು ರಾಜ ಕಟ್ಟಿದನು’ ಅಂತ ಬರೆದಿದ್ದೆ. ಅವರು ಪ್ರೂಫ್ ಹಿಡಿದು ನನ್ನ ಮೇಜಿಗೇ ಬಂದರು. ‘ರಾಜ ಮಣ್ಣು ಹೊತ್ತನೇನಪ್ಪಾ?’ ಅಂದರು. ಒಂದೇ ಒಂದು ‘ಇಸು’ ಸೇರಿಸಿ, ‘ಕಟ್ಟಿಸಿದನು’ ಮಾಡಿ ಹೋದರು. ಅವತ್ತು ಅಳು ಬಂದಿತ್ತು. ಆಮೇಲೆ ಶಾಸನಗಳನ್ನು ಓದುವಾಗಲೆಲ್ಲ ಆ ‘ಇಸು’ವನ್ನೇ ಹುಡುಕುತ್ತಿದ್ದೆ. ಮಾಡಿಸಿದ, ಬಿಡಿಸಿದ, ಬರೆಸಿದ. ಒಂದು ಅಕ್ಷರದ ಹಿಂದೆ ಎಷ್ಟು ಜನ ನಿಂತಿರುತ್ತಾರೆ!

ನಿಮ್ಮ ವಾಕ್ಯದ ಹಿಂದೆಯೂ ಜನ ಇದ್ದಾರೆ. ನಕ್ಷತ್ರಗಳ ಬಗೆಗಿನ ಗ್ರಂಥವನ್ನು 1256ರಲ್ಲಿ ಅನುವಾದ ಮಾಡಿದವರು ರಾಜವೈದ್ಯನಾಗಿದ್ದ ಯೆಹೂದಿ ಪಂಡಿತ ಯೆಹೂದಾ ಬೆನ್ ಮೋಶೆ ಮತ್ತು ಕ್ರೈಸ್ತ ಪಾದ್ರಿ ಗಿಯೆನ್ ಅರ್ರೆಮೋನ್. ಇವರ ಹೆಸರು ನಿಮ್ಮ ಆರು ಪುಟದಲ್ಲಿ ಎಲ್ಲೂ ಇಲ್ಲ.

ಹಾಗಾದರೆ ರಾಜ ಸುಮ್ನೆ ದುಡ್ಡು ಕೊಟ್ಟು ಕೂತಿದ್ದನಾ? ಇಲ್ಲ. ಅವನ ವಿಶ್ವ ಇತಿಹಾಸದ ಗ್ರಂಥದಲ್ಲೇ ಒಂದು ಮಾತಿದೆ: ರಾಜ ಪುಸ್ತಕ ಮಾಡುತ್ತಾನೆ ಅಂದರೆ ಕೈಯಾರೆ ಬರೆಯುತ್ತಾನೆ ಅಂತಲ್ಲ, ವಿಷಯ ಜೋಡಿಸುತ್ತಾನೆ, ತಿದ್ದುತ್ತಾನೆ, ಹೇಗಿರಬೇಕು ಅಂತ ತೋರಿಸುತ್ತಾನೆ, ರಾಜ ಅರಮನೆ ಕಟ್ಟಿದ ಅಂತ ನಾವು ಹೇಳುವುದಿಲ್ಲವೇ, ಹಾಗೆ. ಆ ನಕ್ಷತ್ರ ಗ್ರಂಥವನ್ನು 1276ರಲ್ಲಿ ಮತ್ತೆ ತಿದ್ದಿಸಿದರು. ಜಾಸ್ತಿಯಾದ, ಎರಡೆರಡು ಸಲ ಬಂದ, ನೇರ ಕ್ಯಾಸ್ಟಿಲಿಯನ್ ಅಲ್ಲದ ಮಾತುಗಳನ್ನು ರಾಜ ತೆಗೆದ, ಭಾಷೆಯನ್ನು ತಾನೇ ನೆಟ್ಟಗೆ ಮಾಡಿದ ಅಂತ ಅದರ ಪೀಠಿಕೆ ಹೇಳುತ್ತದೆ. ಮೊದಲ ಸಲ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂಥವನ ಮೇಲೆ ಬರೆದ ಒಂದೇ ವಾಕ್ಯದಲ್ಲಿ ಎರಡು ‘ಅನೇಕ’. ಜೊತೆಗೆ ‘ಮುಂತಾದ’. ‘ಮಹಾಜ್ಞಾನಿ’, ‘ಅಮೂಲ್ಯ’ ಎರಡನ್ನೂ ತೆಗೆದು ಓದಿ ನೋಡಿ. ಏನೂ ಕಳೆದುಹೋಗುವುದಿಲ್ಲ.

ಎರಡನೆಯದು: ‘1275ರ ನಂತರ ಅವನ ಬದುಕಿನಲ್ಲಿ ಹಲವು ಏಳುಬೀಳುಗಳು ಬಂದವು.’

ಏಳು ಎಲ್ಲಿತ್ತು? ಬರೀ ಬೀಳೇ ಅಲ್ವಾ? 1257ರಲ್ಲಿ ಒಂದು ಬಣ ಅವನನ್ನು ಜರ್ಮನಿಯ ದೊರೆಯಾಗಿ ಆರಿಸಿತ್ತು. ಅದರ ಬಲದ ಮೇಲೆ ಪವಿತ್ರ ರೋಮನ್ ಚಕ್ರವರ್ತಿ ಪಟ್ಟ ಕೇಳಲು ಅವನು 1275ರಲ್ಲಿ ಫ್ರಾನ್ಸಿನ ದಕ್ಷಿಣದ ಬೊಕೇರ್‌ಗೆ ಹೋಗಿ ಪೋಪ್ ಹತ್ತನೆಯ ಗ್ರೆಗರಿಯ ಮುಂದೆ ಕೂತ. ಸಿಗಲಿಲ್ಲ. ಅದೇ ಬೇಸಿಗೆಯಲ್ಲಿ ಮೊರೊಕ್ಕೊದ ಸೈನ್ಯ ಜಲಸಂಧಿ ದಾಟಿ ಬಂತು. ಅದನ್ನು ತಡೆಯಲು ದಕ್ಷಿಣಕ್ಕೆ ಹೊರಟ ಹಿರಿಮಗ ಫೆರ್ನಾಂದೊ ದಾರಿಯಲ್ಲೇ ತೀರಿಕೊಂಡ. ಇನ್ನೂ 20 ತುಂಬಿರಲಿಲ್ಲ. ಅಪ್ಪ ದೇಶದಲ್ಲಿರಲಿಲ್ಲ.

ಮುಂದೆ ಪಟ್ಟ ಯಾರಿಗೆ? ಅಲ್ಫೋನ್ಸೋ ಬರೆಸಿದ ಏಳು ಭಾಗಗಳ ಕಾನೂನು ಗ್ರಂಥದ ಪ್ರಕಾರ ಸತ್ತ ಮಗನ ಮಗನಿಗೆ. ಹಳೆಯ ರೂಢಿಯ ಪ್ರಕಾರ ಎರಡನೇ ಮಗ ಸಾಂಚೊಗೆ. ಗಡಿ ಕಾಯ್ದವನು ಸಾಂಚೊ. ರಾಜ ಮೊದಲು ಅವನ ಕಡೆ ವಾಲಿದ, ಆಮೇಲೆ ಮೊಮ್ಮಗನಿಗೂ ಪಾಲು ಕೊಡಲು ಹೊರಟ. 1282ರಲ್ಲಿ ವಯ್ಯಾದೊಲಿದ್‌ನಲ್ಲಿ ಸಭೆ ಸೇರಿ ಅವನ ಅಧಿಕಾರವನ್ನೆಲ್ಲ ಕಿತ್ತು ಮಗನಿಗೆ ಕೊಟ್ಟರು. ರಾಜ ಅನ್ನುವ ಹೆಸರು ಮಾತ್ರ ಅಪ್ಪನಿಗೆ ಉಳಿಯಿತು. ಇಷ್ಟನ್ನೂ ನೀವು ‘ಏಳುಬೀಳು’ ಅನ್ನುವ ಒಂದೇ ಪದದಲ್ಲಿ ಮುಗಿಸಿದ್ದೀರಿ.

ಈ ಭಾಗವನ್ನು ಹೊಸದಾಗಿ ಬರೆಯಿರಿ, 1275ರಿಂದಲೇ ಶುರು ಮಾಡಿ. ಚದುರಂಗದ ಪ್ಯಾರಾವನ್ನು ನಡುವಿನಿಂದ ಎತ್ತಿ ಕೊನೆಗೆ ಇಡಿ. ಅಲ್ಫೋನ್ಸೋ ಬರೆಸಿದ ಆಟಗಳ ಪುಸ್ತಕದಲ್ಲಿ ಬುದ್ಧಿ ದೊಡ್ಡದೋ ಅದೃಷ್ಟ ದೊಡ್ಡದೋ ಅಂತ ಭಾರತದ ಒಬ್ಬ ರಾಜ ತನ್ನ ಪಂಡಿತರನ್ನು ಕೇಳುತ್ತಾನೆ, ಒಬ್ಬ ಚದುರಂಗ ತರುತ್ತಾನೆ, ಇನ್ನೊಬ್ಬ ದಾಳ ತರುತ್ತಾನೆ. ಆ ಪುಸ್ತಕ ಮುಗಿದದ್ದು 1283ರಲ್ಲಿ, ಸೆವಿಲ್‌ನಲ್ಲಿ. ಅಲ್ಫೋನ್ಸೋನ ಕೈಬಿಡದೆ ಉಳಿದ ದೊಡ್ಡ ಊರು ಅದು. ಮುಂದಿನ ಏಪ್ರಿಲ್‌ನಲ್ಲಿ ಅವನು ಅಲ್ಲೇ ತೀರಿಕೊಂಡ.