ಸ್ಕ್ಯಾನ್ ನಾರ್ಮಲ್, ಮುಟ್ಟಿನ ನೋವು ಮಾತ್ರ ಹೋಗ್ತಿಲ್ಲ. ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡೋದು) ಮಾಡಿಸಲಾ, ನೋವಿನ ಮಾತ್ರೆಯಲ್ಲೇ ತಳ್ಳಲಾ?

ನಿಮ್ಮ ಪ್ರಶ್ನೆ ಓದಿ ಹೊಟ್ಟೆ ಹಿಂಡಿದ ಹಾಗಾಯ್ತು. ಆರು ವರ್ಷ ನಾನೂ ಇದನ್ನೇ ಹೊತ್ತು ತಿರುಗಿದವಳು, ಕೊನೆಗೆ ಗೊತ್ತಾಗಿದ್ದು ಎಂಡೋಮೆಟ್ರಿಯೋಸಿಸ್ ಅಂತ.

ಮೊದಲ ಸ್ಕ್ಯಾನ್ ಆದಾಗ ನನಗೆ 19 ವರ್ಷ. ರಿಪೋರ್ಟ್ ನಾರ್ಮಲ್. ನಾನು ಮಾಡಿದ ತಪ್ಪು ಶುರುವಾಗಿದ್ದು ಅಲ್ಲೇ. ಆಮೇಲೆ ಯಾವ ಡಾಕ್ಟರ್ ಹತ್ತಿರ ಹೋದರೂ, ಕೂತ ತಕ್ಷಣ ಫೈಲ್ ಮುಂದಿಟ್ಟು "ಸ್ಕ್ಯಾನ್ ನಾರ್ಮಲ್ ಇದೆ ಡಾಕ್ಟ್ರೇ, ಪೀರಿಯಡ್ಸ್‌ನಲ್ಲಿ ಹೊಟ್ಟೆನೋವು ಬರುತ್ತೆ" ಅನ್ನುತ್ತಿದ್ದೆ. ಅಷ್ಟೇ. ಮುಟ್ಟಿನ ಎರಡನೇ ದಿನ ಮೋಷನ್‌ಗೆ ಕೂತರೆ ಗುದದ್ವಾರದಲ್ಲಿ ಚಾಕು ಹಾಕಿ ತಿರುವಿದಂತೆ ಆಗಿ, ನಲ್ಲಿಯನ್ನು ಗಟ್ಟಿಯಾಗಿ ಹಿಡಿದು ಅಳುತ್ತಿದ್ದೆನಲ್ಲ, ಅದನ್ನು ಒಮ್ಮೆಯೂ ಹೇಳಲಿಲ್ಲ. ನಾಚಿಕೆ. ಜೊತೆಗೆ ಅದು ಬೇರೆ ಕಾಯಿಲೆ ಅಂದುಕೊಂಡಿದ್ದೆ. ಹಾಗಾಗಿ ಎಲ್ಲರೂ ಆ "ನಾರ್ಮಲ್"ನಿಂದಲೇ ಶುರು ಮಾಡಿದರು, ನೋವಿನ ಮಾತ್ರೆ ಬರೆದು ಕಳಿಸಿದರು. ನನ್ನ ನೋವಿಗಿಂತ ಮೊದಲು ಆ ಕಾಗದ ಮಾತಾಡಲು ನಾನೇ ಬಿಟ್ಟೆ.

ಕೊನೆಗೆ ಒಬ್ಬ ಡಾಕ್ಟರ್ ನನ್ನ ಹೊಟ್ಟೆ ಮೇಲಿನ ಕಂದು ಕಲೆ ನೋಡಿದರು. ಬಿಸಿನೀರಿನ ಚೀಲ ಇಟ್ಟು ಇಟ್ಟು ಚರ್ಮದ ಮೇಲೆ ಬಲೆಯಂತೆ ಮೂಡಿದ ಕಲೆ. ಫೈಲ್ ಪಕ್ಕಕ್ಕಿಟ್ಟು, "ಆ ದಿನಗಳಲ್ಲಿ ಮೋಷನ್‌ಗೆ ಹೋಗುವಾಗ ನೋವಾಗುತ್ತಾ?" ಅಂದರು. ಹತ್ತು ನಿಮಿಷ ಅತ್ತೆ.

ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯೋದೇ ಎಂಡೋಮೆಟ್ರಿಯೋಸಿಸ್. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗುಳ್ಳೆ) ಆಗಿದ್ದರೆ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಹೊಟ್ಟೆಯ ಒಳಗೋಡೆಗೆ ತೆಳುವಾಗಿ ಅಂಟಿದ್ದರೆ ಎಷ್ಟೋ ಸಲ ಕಾಣೋದೇ ಇಲ್ಲ. ನನ್ನದು ಗರ್ಭಕೋಶದ ಹಿಂದೆ, ಕರುಳಿನ ಪಕ್ಕ ಕೂತಿತ್ತು. ಕಂಡಿದ್ದು ಎಂಆರ್‌ಐನಲ್ಲಿ.

ಇನ್ನು ನಿಮ್ಮ "ಇದಾ, ಅದಾ?" ನಾನು ಒಪ್ಪಲ್ಲ. ಎರಡರ ನಡುವೆ ಹಾರ್ಮೋನ್ ಚಿಕಿತ್ಸೆ ಇದೆ. ಅದಕ್ಕೆ ಮೊದಲು ಲ್ಯಾಪರೋಸ್ಕೋಪಿ ಆಗಲೇಬೇಕು ಅಂತಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಸ್ಥೆ ಈಶ್ರೆಯ (ESHRE) 2022ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಸ್ಕ್ಯಾನ್‌ನಲ್ಲಿ ಏನೂ ಸಿಗದಿದ್ದಾಗ, ಇಲ್ಲವೇ ಔಷಧಿ ಕೆಲಸ ಮಾಡದಿದ್ದಾಗ ಲ್ಯಾಪರೋಸ್ಕೋಪಿಯ ಯೋಚನೆ ಮಾಡಬಹುದು, ಆದರೆ ಮೊದಲು ಔಷಧಿ ಕೊಟ್ಟು ನೋಡುವ ದಾರಿಯೂ ಇದೆ. ನನಗೆ ದಿನಕ್ಕೆ 2 ಮಿಲಿಗ್ರಾಂ ಡೈಯೆನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ ಕೊಟ್ಟರು. ಮೊದಲೆರಡು ತಿಂಗಳು ಆಗಾಗ ರಕ್ತದ ಕಲೆ ಕಾಣಿಸಿ ಹೆದರಿಸಿತು, ಆಮೇಲೆ ನೋವು ಇಳಿಯಿತು. ಮೋಷನ್ ನೋವು ಮಾತ್ರ ಹಾಗೇ ಉಳಿದಿದ್ದರಿಂದ ಆಪರೇಷನ್ ಆಯ್ತು. ಪೂರ್ತಿ ವಾಸಿ ಅನ್ನೋದಿಲ್ಲ, ಮಾತ್ರೆ ಈಗಲೂ ತಗೊಳ್ತೀನಿ. ಮಗುವಿಗೆ ಪ್ರಯತ್ನಿಸುತ್ತಿದ್ದರೆ ಮೊದಲೇ ಹೇಳಿ, ಆಗ ಈ ಮಾತ್ರೆ ಆಗಲ್ಲ. "ಮಗು ಆದರೆ ಸರಿಹೋಗುತ್ತೆ" ಅನ್ನೋರ ಮಾತು ದಯವಿಟ್ಟು ಕೇಳಬೇಡಿ. ಬಸಿರು ಚಿಕಿತ್ಸೆ ಅಲ್ಲ.

ಮುಂದಿನ ಸಲ ಹೋದಾಗ ಫೈಲ್ ಬ್ಯಾಗ್‌ನಲ್ಲೇ ಇರಲಿ. ಯಾವ ದಿನ, ಎಲ್ಲಿ, ಮೂತ್ರಕ್ಕೋ ಮೋಷನ್‌ಗೋ ಹೋದಾಗಲೋ, ಲೈಂಗಿಕ ಸಂಬಂಧ ಆದಾಗಲೋ, ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿಬಿಡಿ. ಅವರು ಕೇಳಿದ ಮೇಲೆ ರಿಪೋರ್ಟ್ ತೆಗೆಯಿರಿ.