ಒಟ್ಟೋಮನ್ ಸುಲ್ತಾನರ ಆಸ್ಥಾನ ಜ್ಯೋತಿಷಿ ಏನು ಕೆಲಸ ಮಾಡುತ್ತಿದ್ದ?

ಭವಿಷ್ಯ ಹೇಳುವುದಷ್ಟೇ ಅಲ್ಲ, ಅರಮನೆಗೆ ಕಾಲದ ಲೆಕ್ಕ ಇಡುವುದೂ ಅವನದೇ ಕೆಲಸ. ಈ ಹುದ್ದೆಗೆ ‘ಮುನೆಜ್ಜಿಮ್‌ಬಾಶಿ’, ಅಂದರೆ ಮುಖ್ಯ ಜ್ಯೋತಿಷಿ ಎಂದು ಹೆಸರು. ಪ್ರತಿ ವರ್ಷ ಪಂಚಾಂಗ ಬರೆದು ಸುಲ್ತಾನನಿಗೆ ಒಪ್ಪಿಸುತ್ತಿದ್ದ. ರಂಜಾನ್ ಉಪವಾಸದ ವೇಳಾಪಟ್ಟಿ ಮಾಡುತ್ತಿದ್ದ. ಪಟ್ಟಾಭಿಷೇಕ, ದಂಡಯಾತ್ರೆ, ಹೊಸ ಹಡಗನ್ನು ನೀರಿಗಿಳಿಸುವುದು, ಎಲ್ಲಕ್ಕೂ ಮುಹೂರ್ತ ಇಡುತ್ತಿದ್ದ.

ಮುಹೂರ್ತ ಇಡಬೇಕಾದರೆ ಗ್ರಹಗಳು ಎಲ್ಲಿವೆ ಅಂತ ಸರಿಯಾಗಿ ಗೊತ್ತಿರಬೇಕು, ಅಲ್ವಾ? ಹಳೆಯ ಕೋಷ್ಟಕಗಳ ಲೆಕ್ಕ ಆಕಾಶಕ್ಕೆ ತಾಳೆಯಾಗುತ್ತಿರಲಿಲ್ಲ. ಹಾಗಾಗಿ ಜ್ಯೋತಿಷಿಯೇ ಖಗೋಳ ವಿಜ್ಞಾನಿಯೂ ಆಗಬೇಕಾಯಿತು. ಮುಖ್ಯ ಜ್ಯೋತಿಷಿ ತಖಿ ಅಲ್‌-ದೀನ್ ಇದೇ ಕಾರಣ ಕೊಟ್ಟು, ಸುಲ್ತಾನ ಮೂರನೇ ಮುರಾದನ ನೆರವಿನಿಂದ 1570ರ ದಶಕದಲ್ಲಿ ಇಸ್ತಾಂಬುಲ್‌ನಲ್ಲಿ ವೀಕ್ಷಣಾಲಯ ಕಟ್ಟಿಸಿದ. 1580ರಲ್ಲಿ ಅದೇ ಸುಲ್ತಾನ ಅದನ್ನು ಕೆಡವಿಸಿದ. ವಿಜ್ಞಾನಕ್ಕೆ ಇದು ನಿಜಕ್ಕೂ ದೊಡ್ಡ ನಷ್ಟ. ಹುದ್ದೆ ಮಾತ್ರ 1924ರವರೆಗೂ ಇತ್ತು.