‘ಪರಿಶೀಲಿಸಲಾಗಿದೆ’ ಎಂದು ಬರೆದರೆ ಸಾಕೇ?

ಪ್ರಶ್ನೆ: ಮೂರು ವರ್ಷಗಳ ಹಿಂದೆ ನನ್ನ ತಮ್ಮ ತೋಟದಲ್ಲಿ ಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಬಿದ್ದು ಬಲಗಡೆಯ ಸೊಂಟದ ಕೀಲು ಮುರಿದುಕೊಂಡ. ವೈದ್ಯಕೀಯ ಮಂಡಳಿಯು ಶೇ 30ರಷ್ಟು ಅಂಗವೈಕಲ್ಯವೆಂದು ಪ್ರಮಾಣಪತ್ರ ಕೊಟ್ಟಿತು. ಮೇಲ್ಮನವಿ ಹಾಕಿ, ವಿಚಾರಣೆಯ ದಿನ ಎಕ್ಸ್‌ರೇ, ಡಿಸ್‌ಚಾರ್ಜ್ ಸಮ್ಮರಿ, ಆಪರೇಷನ್ ಮಾಡಿದ ವೈದ್ಯರ ಪತ್ರ ಎಲ್ಲವನ್ನೂ ಕೊಟ್ಟೆವು. ‘ದಾಖಲೆಗಳನ್ನು ಪರಿಶೀಲಿಸಲಾಗಿದೆ, ಮೇಲ್ಮನವಿಯಲ್ಲಿ ಹುರುಳಿಲ್ಲದ ಕಾರಣ ವಜಾ ಮಾಡಿದೆ’ ಎಂದಷ್ಟೇ ಆದೇಶ ಬಂದಿದೆ. ಇದು ಸರಿಯೇ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಸರಿಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಂ ನಿಮಗೆ ಮೇಲ್ಮನವಿಯ ಹಕ್ಕು ಕೊಟ್ಟಿದೆ. ಆ ಹಕ್ಕಿಗೆ ಅರ್ಥ ಬರಬೇಕಾದರೆ, ಯಾವ ದಾಖಲೆಯನ್ನು ನೋಡಿದೆವು, ಅದರಲ್ಲಿ ಏನು ಕಂಡಿತು, ಕಂಡದ್ದರಿಂದ ಈ ತೀರ್ಮಾನಕ್ಕೆ ಹೇಗೆ ಬಂದೆವು ಎಂಬುದನ್ನು ಆದೇಶವೇ ಹೇಳಬೇಕು.

ಇದು ಬರಿಯ ಶಿಷ್ಟಾಚಾರದ ಮಾತಲ್ಲ. ಮಾಸಾಶನ, ಮೀಸಲಾತಿ ಮೊದಲಾದ ಸೌಲಭ್ಯಗಳ ಬಾಗಿಲು ತೆರೆಯುವುದು ಶೇ 40ಕ್ಕೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಕಾಲಿನ ವೈಕಲ್ಯವನ್ನು ಅಳೆಯುವಾಗ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದು ಒಂದು ಭಾಗ. ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಂಬಕ್ಕಳ ಹಾಕುವುದು ಇತ್ಯಾದಿಗಳಿಂದ ತಿಳಿಯುವ ಸ್ಥಿರತೆ ಇನ್ನೊಂದು ಭಾಗ. ಎರಡನ್ನೂ ನೇರವಾಗಿ ಕೂಡಿಸುವುದಿಲ್ಲ. 90ರಲ್ಲಿ ದೊಡ್ಡ ಅಂಕವನ್ನು ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. ಉದಾಹರಣೆಗೆ ಮೊದಲ ಭಾಗಕ್ಕೆ 30, ಎರಡನೆಯದಕ್ಕೆ 15 ಬಂದಿದ್ದರೆ, 60ನ್ನು 15ರಿಂದ ಗುಣಿಸಿ 90ರಿಂದ ಭಾಗಿಸಿದಾಗ 10 ಬರುತ್ತದೆ, ಒಟ್ಟು 40 ಆಗುತ್ತದೆ. ನಿಮ್ಮ ತಮ್ಮನ ಸ್ಥಿರತೆಯನ್ನು ಪರೀಕ್ಷಿಸದೆಯೇ 30 ಎಂದು ಬರೆದರೋ, ಪರೀಕ್ಷಿಸಿಯೂ 30 ಬಂತೋ? ಆದೇಶದಿಂದ ಇದು ಯಾರಿಗೂ ತಿಳಿಯುವಂತಿಲ್ಲ. ಕಾಫಿ ತೋಟದ ಇಳಿಜಾರಿನಲ್ಲಿ ದುಡಿದು ತಿನ್ನಬೇಕಾದ ಮನುಷ್ಯನ ವಿಷಯದಲ್ಲಿ ಆ ಪರೀಕ್ಷೆಯೇ ದಾಖಲಾಗದೆ ಉಳಿದಿದ್ದರೆ ಅದು ದೊಡ್ಡ ಅನ್ಯಾಯ.

ಮಂಡಳಿಯ ಅಂಕವೂ ನಿಮ್ಮ ವೈದ್ಯರ ಪತ್ರವೂ ಭಿನ್ನವಾಗಿದ್ದರೆ, ಪತ್ರವನ್ನು ಏಕೆ ಒಪ್ಪಲಿಲ್ಲವೆಂದು ಒಂದೆರಡು ವಾಕ್ಯಗಳಲ್ಲಾದರೂ ಬರೆಯಬೇಕಿತ್ತು. ಅದನ್ನು ತಿರಸ್ಕರಿಸುವ ಅಧಿಕಾರ ಅವರಿಗೆ ಇಲ್ಲವೆಂದಲ್ಲ. ಕಾಣದಂತೆ ಬದಿಗಿಡುವ ಅಧಿಕಾರ ಇಲ್ಲ.

ಅರೆ ನ್ಯಾಯಿಕ ಅಧಿಕಾರ ಚಲಾಯಿಸುವವರು, ಅಂದರೆ ನ್ಯಾಯಾಲಯವಲ್ಲದಿದ್ದರೂ ಜನರ ಹಕ್ಕುಗಳ ಬಗ್ಗೆ ತೀರ್ಮಾನ ಕೊಡುವವರು, ಕಾರಣಗಳನ್ನು ದಾಖಲಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1990ರಲ್ಲಿ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ಹೇಳಿದೆ. ಕೆಳಗಿನ ಆದೇಶದ ಕಾರಣಗಳನ್ನೇ ಒಪ್ಪುವ ಮೇಲ್ಮನವಿ ಪ್ರಾಧಿಕಾರವು ಬೇರೆ ಕಾರಣ ಬರೆಯಬೇಕಿಲ್ಲವೆಂಬ ಮಾತೂ ಅದೇ ತೀರ್ಪಿನಲ್ಲಿದೆ, ಎದುರಿನವರು ಅದನ್ನು ಹಿಡಿದು ವಾದಿಸಬಹುದು. ಆದರೆ ಪ್ರಮಾಣಪತ್ರದಲ್ಲಿ ಶೇಕಡಾ ಅಂಕಿಯ ಹೊರತು ಬೇರೇನೂ ಇಲ್ಲದಿದ್ದರೆ, ಒಪ್ಪಿಕೊಳ್ಳುವುದಕ್ಕೆ ಅಲ್ಲಿ ಕಾರಣವೇ ಇರುವುದಿಲ್ಲ. ಆದೇಶದಲ್ಲಿಲ್ಲದ ಕಾರಣವನ್ನು ಆಮೇಲೆ ಕೋರ್ಟಿಗೆ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಸಲ್ಲಿಸಿ ತುಂಬಿಸುವಂತಿಲ್ಲವೆಂಬುದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಿಂದ, ಅಂದರೆ 1977ರಿಂದಲೂ, ನಿಂತಿರುವ ತತ್ತ್ವ.

ಮೊದಲು ಮಂಡಳಿಯ ಮೌಲ್ಯಮಾಪನ ಹಾಳೆಯನ್ನೂ ಮೇಲ್ಮನವಿಯ ಕಡತವನ್ನೂ ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಬಾಧಿತರಿಗೆ ನಿರ್ಧಾರದ ಕಾರಣ ತಿಳಿಸಬೇಕೆಂದು ಆ ಕಾಯ್ದೆಯ 4(1)(ಡಿ) ಕಲಮೇ ಹೇಳುತ್ತದೆ, ಅರ್ಜಿಯಲ್ಲಿ ಅದನ್ನು ನಮೂದಿಸಿ. ಹಾಳೆ ಕೈಗೆ ಬಂದ ಮೇಲೆ, ಯಾವ ಪರೀಕ್ಷೆಗೆ ಅಂಕವಿಲ್ಲವೆಂದು ತೋರಿಸಿ ಮರುಪರೀಕ್ಷೆ ಕೋರಿ. ಅದಕ್ಕೂ ಒಪ್ಪದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ದಾರಿಯಿದೆ. ವಕೀಲರ ಖರ್ಚು ಭರಿಸಲಾಗದಿದ್ದರೆ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಕೇಳಿ.

ಮರುಪರೀಕ್ಷೆಗೆ ಕರೆದ ದಿನ ತಮ್ಮನ ಜೊತೆ ನೀವೂ ಹೋಗಿ. ಕೀಲಿಗೆ ಅಳತೆಯ ಸಾಧನ ಇಟ್ಟರೇ, ಮೆಟ್ಟಿಲು ಹತ್ತಿಸಿದರೇ, ಕುಕ್ಕರಗಾಲಿನಲ್ಲಿ ಕೂರಿಸಿದರೇ, ಎಷ್ಟು ಹೊತ್ತಿಗೆ ನೋವೆಂದ ಎಂಬುದನ್ನೆಲ್ಲ ಮನೆಗೆ ಮರಳಿದ ಸಂಜೆಯೇ ದಿನಾಂಕ ಹಾಕಿ ಬರೆದಿಡಿ.